ರತ್ನಾಬಾಯಿ ಅಕ್ಕೋರ ಮಳೆ ದಫ್ತರ

ರತ್ನಾಬಾಯಿ ಅಕ್ಕೋರು ಸಮುದ್ರದ ಬಗ್ಗೆ ಮಾತಾಡುವುದನ್ನು ಕೇಳಿದರೆ ಬೀಗರ ಮನೆಯ ಸುದ್ದಿ ಹೇಳುತ್ತಿದ್ದಾರೇನೋ ಅನ್ನಿಸುತ್ತಿತ್ತು. ಸಲಿಗೆ, ಸಿಟ್ಟು, ಒಳಗೊಳಗೆ ಒಂದಿಷ್ಟು ಅಂಜಿಕೆ. “ಅಟ್ಲಾಂಟಿಕ್ ಈಗ ಬಿಸಿ ಏರ್ಯಾದರಿ. ಇನ್ನ ಹತ್ತಿಪ್ಪತ್ತು ವರ್ಷ ಯಾರ ಮಾತೂ ಕೇಳಂಗಿಲ್ಲ” ಎಂದು ಸ್ಟಾಫ್ ರೂಮಿನಲ್ಲಿ ಜೋಳದ ರೊಟ್ಟಿ ಮುರಿಯುತ್ತ ಹೇಳುವರು. ಕಲಬುರಗಿ ಹತ್ತಿರದ ಕಮಲಾಪುರದಲ್ಲಿ ಹುಟ್ಟಿ ಬೆಳೆದ ಅವರು ಸಮುದ್ರವನ್ನು ಕಣ್ಣಾರೆ ಕಂಡವರೇ ಅಲ್ಲ.

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತೇವೆ. ಕಲಬುರಗಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಭೂಗೋಳದ ಅಕ್ಕೋರು, ನಾನು ಗಣಿತದ ಸರ. ದಿನಾ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಏದುಸಿರು ಬಿಡುತ್ತ ಗೇಟಿನೊಳಗೆ ಬರುತ್ತಿದ್ದರು. ಕಾರಣ ಊರಿಗೆಲ್ಲ ಗೊತ್ತು. ಕಮಲಾಪುರದಲ್ಲಿ ಅವರ ತಮ್ಮ ಭೀಮಣ್ಣನ ಕೆಂಪು ಬಾಳೆಯ ತೋಟ. ತೋಟದ ಬಯಲಲ್ಲೊಂದು ಮಳೆಮಾಪಕ. ಬೆಳಿಗ್ಗೆ ಎಂಟೂವರೆಗೆ ಅದರೊಳಗಿನ ಬಾಟಲಿ ತೆಗೆದು, ನೀರಿದ್ದರೆ ಅಳೆದು, ದಫ್ತರದಲ್ಲಿ ಬರೆದು, ಆಮೇಲೆಯೇ ಬಸ್ಸು ಹತ್ತುವರು. ಹೆಡ್‌ಮಿಸ್ ಒಮ್ಮೆ ರೇಗಿ, “ಬ್ಯಾಸಗಿ ದಿನದಾಗ ಏನ್ ಅಳೀತೀರಿ ತಾಯಿ? ಖಾಲಿ ಬಾಟ್ಲಿನೇನ್ರಿ?” ಎಂದರು.

“ಹೌದ್ರಿ, ಖಾಲಿ ಬಾಟ್ಲಿನೇ ಅಳೀಬೇಕು. ಅಳದು ನೀರಿಲ್ಲಂದ್ರ ಸೊನ್ನಿ. ಅಳೀಲಾರ್ದೇ ಬಿಟ್ರ ಅಡ್ಡಗೆರಿ. ಸೊನ್ನಿ ಅಂದ್ರ ಸಾಕ್ಷಿರಿ, ಗೆರಿ ಅಂದ್ರ ಕಬೂಲಿ, ಅಳ್ದಿಲ್ಲ ಅಂತ ಒಪ್ಕೊಂಡಂಗ.”

ಈ ಹಟ ಅವರಿಗೆ ಅಪ್ಪನಿಂದ ಬಂದದ್ದು. ಅಪ್ಪ ಒಂದು ಕಚೇರಿಯ ಜವಾನ. ಕಚೇರಿಯಲ್ಲೂ ಒಂದು ಮಳೆಮಾಪಕವಿತ್ತು. ಗುಮಾಸ್ತ ಕಿಟಕಿಯಿಂದ ಆಕಾಶ ನೋಡಿ ಕೂತಲ್ಲೇ ಅಂಕಿ ಬರೆಯುತ್ತಿದ್ದನಂತೆ. ಅಪ್ಪ ಮಾತ್ರ ತಾನೇ ಹೋಗಿ ಅಳೆದು, ಸ್ವಂತ ದಫ್ತರದಲ್ಲಿ ಬರೆದಿಟ್ಟುಕೊಂಡ. ಜವಾನನ ಲೆಕ್ಕವನ್ನು ಯಾರು ಕೇಳಬೇಕು? “ನಮ್ಮಪ್ಪ ಒಂದ್ ದಿನಾನೂ ಕುಂತ್ ಬರ್ದಿಲ್ರಿ” ಎನ್ನುವಾಗ ಅಕ್ಕೋರ ದನಿ ಸ್ವಲ್ಪ ಏರುತ್ತಿತ್ತು.

ಅವರನ್ನು ಕಾಡುತ್ತಿದ್ದ ಪ್ರಶ್ನೆ ಚಳಿಗಾಲದ್ದು. ಮೆಡಿಟರೇನಿಯನ್ ಕಡೆಯಿಂದ ಹೊರಟ ಬಿರುಗಾಳಿಗಳು ಇರಾನ್ ದಾಟಿ ಪಂಜಾಬಿಗೆ ಮಳೆ ಸುರಿದು ಹೋಗುತ್ತವೆ. ಕೆಲವು ವರ್ಷ ಮಾತ್ರ ಅವುಗಳ ಬಾಲ ತೆಂಕಣಕ್ಕೆ ಜೋತುಬಿದ್ದು ನಮ್ಮ ಕಡೆ ಆಲಿಕಲ್ಲು ಬೀಳುತ್ತದೆ. ಯಾವ ವರ್ಷ, ಯಾಕೆ? ದೂರದ ಸಮುದ್ರಗಳು ಇಪ್ಪತ್ತು ಮೂವತ್ತು ವರ್ಷ ಬಿಸಿಯಾಗಿ, ಮತ್ತಷ್ಟು ವರ್ಷ ತಂಪಾಗಿ ಹೊರಳುವುದಕ್ಕೂ ಈ ಗಾಳಿಗಳ ದಾರಿಗೂ ನಂಟಿದೆಯೇ? ಹುಡುಗಿಯರಿಗೆ ಹೀಗೆ ಹೇಳುತ್ತಿದ್ದರು: “ಗಾಳಿ ಮಂಗ್ಯಾ ಇದ್ದಂಗ, ಸಮುದ್ರ ಎಮ್ಮಿ ಇದ್ದಂಗ. ಮಂಗ್ಯಾ ಎತ್ತ ಜಿಗೀತದ ಯಾರಿಗಿ ಗೊತ್ತು? ಆದ್ರ ಎಮ್ಮಿ ಬೆನ್ನ ಮ್ಯಾಲ ಕುಂತಿದ್ರ, ಎಮ್ಮಿ ಹೊಂಟ ಕಡೀಗೇ ಹೋಗ್ಬೇಕಲ್ಲವಾ?” ಎಮ್ಮೆಯ ಒಂದು ಸುತ್ತು ನೋಡುವುದಕ್ಕೇ ಒಬ್ಬರ ಆಯುಷ್ಯ ಸಾಲದು. ಅಪ್ಪನ ಅರ್ಧ, ತನ್ನ ಅರ್ಧ ಸೇರಿದರೆ ಒಂದು ಸುತ್ತು ಪೂರ್ತಿಯಾಗುತ್ತದೆ ಎಂಬುದು ಅವರ ಆಸೆ.

ಒಂದು ಫಾಲ್ಗುಣದಲ್ಲಿ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಬಟ್ಟೆ ಅಂಗಡಿಯಲ್ಲಿ ನಾವಿಬ್ಬರೂ ಶಾಲೆಯ ಪರದೆಗೆ ಬಟ್ಟೆ ಕೊಳ್ಳುತ್ತಿದ್ದಾಗ ಪಟಪಟನೆ ಆಲಿಕಲ್ಲು ಶುರುವಾಯಿತು. ಜನ ಅಂಗಡಿಯೊಳಗೆ ಓಡಿದರೆ ಅಕ್ಕೋರು ಹೊರಗೆ ಓಡಿದರು. ಸೆರಗಿನಲ್ಲಿ ಒಂದಿಷ್ಟು ಆಯ್ದು ತಂದು ಅಂಗಡಿಯವನಿಗೆ, “ಟೇಪ್ ಕೊಡ್ರಿ ಲಗೂನ, ಕರಗ್ಲಾಕತ್ತಾವ” ಎಂದರು.

“ಬಾಯೀಜಿ, ಇದು ಕಪಡಾ ಅಳಿಯೋ ಟೇಪ್ ಅದ” ಎಂದನವನು.

“ಅಳಿಲಾಕೇ ಕೇಳ್ಲಾಕತ್ತೀನಿ, ಹೊಲೀಲಾಕಲ್ಲ.”

ಅಂಗಡಿ ತುಂಬ ನಗು. ಅವರಿಗೆ ಅದರ ಪರಿವೆಯೇ ಇಲ್ಲ. ಎಣಿಸಿ ಅಳೆದು ನನ್ನ ಅಂಗೈ ಮೇಲೆ ಪೆನ್ನಿನಲ್ಲಿ ಅಂಕಿ ಬರೆದು, ಸಂಜೆಯವರೆಗೆ ಕೈ ತೊಳೆಯಬಾರದೆಂದು ಅಪ್ಪಣೆ ಮಾಡಿದರು.

ಅವರ ಆಸೆಗೆ ಕೊನೆಗೂ ಒಬ್ಬರು ಕಿವಿಗೊಟ್ಟರು. ಶಾಲೆಗೆ ಉಪನ್ಯಾಸಕ್ಕೆ ಬಂದಿದ್ದ ಹೈದರಾಬಾದಿನ ಹವಾಮಾನ ಸಂಶೋಧಕರೊಬ್ಬರು ದಫ್ತರದ ಮಾತು ಕೇಳಿ, ಕಳಿಸಿಕೊಡಿ, ಸಮುದ್ರದ ಲೆಕ್ಕದೊಂದಿಗೆ ಇಟ್ಟು ನೋಡುತ್ತೇನೆ ಎಂದರು. ಅಪ್ಪನ ಹೆಸರು ಬರುತ್ತದೇನ್ರಿ ಎಂದು ಅಕ್ಕೋರು ಕೇಳಿದರು. ಖಂಡಿತ ಬರುತ್ತದೆ ಎಂದರು ಅವರು. ಆ ವಾರವಿಡೀ ಅಕ್ಕೋರು ಪ್ರಾರ್ಥನೆಗೆ ತಡವಾಗಿ ಬಂದರೂ ಹೆಡ್‌ಮಿಸ್ ಸುಮ್ಮನಿದ್ದರು.

ಆ ಚಳಿಗಾಲ ಮುಗಿದರೆ ದಫ್ತರ ಕಳಿಸುವುದೆಂದಿತ್ತು. ಅಷ್ಟರಲ್ಲಿ ಅವರ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಹೈದರಾಬಾದಿನಲ್ಲಿ ಆಪರೇಶನ್, ನಲವತ್ತು ದಿನ ಅಲ್ಲೇ ಇರಬೇಕು. ಭೀಮಣ್ಣನೂ ಜೊತೆಗೆ ಹೋಗುವವನು. ಅಕ್ಕೋರು ತೋಟದ ಬೀಗದ ಕೈಯನ್ನೂ ದಫ್ತರವನ್ನೂ ನನ್ನ ಕೈಗಿಟ್ಟು, “ದಿನಾ ಅಷ್ಟ್ ದೂರ ಆಗ್ತದೋ ಇಲ್ಲೋ ನೋಡ್ರಿ ಸರ. ಆಗ್ಲಿಲ್ಲಂದ್ರ ಗೆರಿ ಎಳೀರಿ, ನಂಗೇನೂ ಬ್ಯಾಸರಿಲ್ಲ” ಎಂದರು. ನಾನು ದೊಡ್ಡಸ್ತಿಕೆಯಿಂದ ನಕ್ಕು, ಗೆರೆ ಎಳೆಯುವ ಪ್ರಶ್ನೆಯೇ ಇಲ್ಲ ಅಕ್ಕೋರ, ಎಂದೆ.

ಎಂಟು ದಿನ ಹೋದೆ. ನಸುಕಿನ ಥಂಡಿಯಲ್ಲಿ ಸ್ಕೂಟರ್ ಹೊಡೆದುಕೊಂಡು ಹೋಗಿ ಖಾಲಿ ಬಾಟಲಿ ನೋಡಿ ಬರುವುದು. ಒಂಬತ್ತನೆಯ ದಿನ ನೆಗಡಿ. ಸ್ಟೇಶನ್ ಬಜಾರಿನ ನನ್ನ ಖೋಲಿಯ ಮಾಳಿಗೆ ಹತ್ತಿ ನೋಡಿದೆ, ಆಕಾಶ ಉಜ್ಜಿ ತೊಳೆದ ಹಾಗಿತ್ತು. ಸೊನ್ನೆ ಬರೆದೆ. ಗೆರೆ ಎಳೆಯಲು ನಾಚಿಕೆಯಾಯಿತು ನೋಡಿ, ಇಷ್ಟೂ ಆಗಲಿಲ್ಲವೇ ಎಂದು ಅವರು ಅಂದುಕೊಳ್ಳುತ್ತಾರೆಂದು. ಉಳಿದ ದಿನಗಳ ಸೊನ್ನೆಗಳನ್ನು ಚಹಾ ಕುಡಿಯುತ್ತ ಮಾಳಿಗೆಯ ಮೇಲೆಯೇ ಬರೆದೆ.

ಅವರು ಮರಳಿದ ದಿನ ಬೀಗದ ಕೈಯನ್ನೂ ದಫ್ತರವನ್ನೂ ಕೊಡಲು ಕಮಲಾಪುರಕ್ಕೆ ಹೋದೆ. ಬಾಳೆಯ ಎಲೆಗಳೆಲ್ಲ ಚಿಂದಿಯಾಗಿದ್ದವು. ಹದಿನೈದು ದಿನದ ಹಿಂದೆ ರಾತ್ರಿ ಆಲಿಕಲ್ಲು ಬಿತ್ತೆಂದು ಪಕ್ಕದ ತೋಟದವನು ಭೀಮಣ್ಣನಿಗೆ ಹೇಳುತ್ತಿದ್ದ. ಕಲಬುರಗಿಯಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಿಧಾನಕ್ಕೆ ನಡೆದುಹೋಗಿ ಮಳೆಮಾಪಕ ತೆರೆದರು. ಬಾಟಲಿಯಲ್ಲಿ ನೀರಿತ್ತು, ನೀರಿನಲ್ಲೊಂದು ಸತ್ತ ಹುಳ. ದಫ್ತರ ತೆರೆದು ನನ್ನ ಸೊನ್ನೆಗಳ ಮೇಲೆ ಬೆರಳಾಡಿಸುತ್ತ ಕೆಳಗಿನವರೆಗೂ ಬಂದರು. ಬಾಟಲಿ ಚೆಲ್ಲಿ ತೊಳೆದಿಟ್ಟು, “ಚಹಾ ಕುಡ್ದು ಹೋಗ್ರಿ ಸರ” ಎಂದರು. ನಾನು ಕುಡಿದು ಬಂದೆ.

ಆ ಮೇಲೆ ಅವರು ಹೈದರಾಬಾದಿಗೆ ದಫ್ತರ ಕಳಿಸುವ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ. ಮೂರು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತು, ಅವರ ಡಬ್ಬಿಯ ಶೇಂಗಾ ಹಿಂಡಿಯನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದು, ಕೇಳಲಿಲ್ಲ.

ಗಡ್ಡೆ ಮತ್ತೆ ಬಂತು. ಈ ಸಲ ಡಾಕ್ಟರು ಮನೆಗೆ ಕಳಿಸಿಬಿಟ್ಟರು. ಕಲಬುರಗಿಯ ಶಹಾಬಜಾರದ ಗಲ್ಲಿಯಲ್ಲಿ ಸೊಸೆಯ, ಅಂದರೆ ಭೀಮಣ್ಣನ ಮಗಳ ಮನೆ, ಬುದ್ಧನ ಪಟದ ಕೆಳಗೆ ಮಂಚ. ಇವತ್ತು ಹೇಳಿಯೇ ತೀರಬೇಕೆಂದು ಹೋಗಿದ್ದೆ. ಹೋಗಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಬಗ್ಗೆ ಮಾತಾಡಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಎದ್ದು ನಿಂತಾಗ, “ಏನರೆ ಹೇಳೋದಿತ್ತೇನ್ರಿ ಸರ?” ಎಂದರು.

“ಇಲ್ರಿ ಅಕ್ಕೋರ. ಆರಾಮ ಮಾಡ್ರಿ.”

ಅವರು, “ಹಂಗಾದ್ರ ಹೋಗಿ ಬರ್ರಿ” ಎಂದರು. ನಾಲ್ಕನೆಯ ದಿನ ತೀರಿಕೊಂಡರು.

ಕಾರ್ಯ ಮುಗಿದ ಮೇಲೆ ಭೀಮಣ್ಣ ಒಂದು ಬಟ್ಟೆಯ ಗಂಟು ತಂದು ನನ್ನ ಮುಂದಿಟ್ಟ. ಅಪ್ಪನ ಮತ್ತು ಮಗಳ ದಫ್ತರಗಳು. ಮೇಲೆ ಎರಡು ಕಾಗದ. ಒಂದು, ಅಕ್ಕೋರು ಸಂಶೋಧಕರಿಗೆ ಬರೆದದ್ದರ ನಕಲು: “ಈ ನಲವತ್ತು ದಿನ ನಾನು ಊರಲ್ಲಿರಲಿಲ್ಲ. ಸೊನ್ನೆಗಳನ್ನು ನಂಬಬೇಡಿ. ಜವಾಬ್ದಾರಿ ನನ್ನದು.” ಇನ್ನೊಂದು ಸಂಶೋಧಕರ ಉತ್ತರ: ಒಂದು ಚಳಿಗಾಲದ ಸೊನ್ನೆಗಳನ್ನು ನೋಡದೆ ಬರೆದಿದ್ದರೆ ಉಳಿದ ವರ್ಷಗಳ ಸೊನ್ನೆಗಳನ್ನು ಹೇಗೆ ನಂಬುವುದು? ಬರೆದವರು ಬೇರೆಯವರಾದರೆ ಅವರು ಯಾವ ದಿನ ಅಳೆದರು, ಯಾವ ದಿನ ಇಲ್ಲ ಎಂದು ಸಹಿ ಮಾಡಿ ಕಳಿಸಲಿ, ದಫ್ತರ ಖಂಡಿತ ಬಳಸುತ್ತೇನೆ. ಅದಕ್ಕೆ ಅಕ್ಕೋರು ಮಾರುತ್ತರ ಬರೆದಿರಲಿಲ್ಲ.

“ಸರ ಅವ್ರ ಹೆಸರು ಬರ್ದು ಕಳಸವ್ವ, ಅಪ್ಪನ ಮಾನ ಉಳೀತದ ಅಂತ ನಾ ಎಷ್ಟ್ ಬಡ್ಕೊಂಡೀನಿ ಸರ” ಎಂದ ಭೀಮಣ್ಣ. “ಅವ್ರು ದಿನಾ ಹುಡುಗಿಯರ ಮುಂದ ನಿಂದರ್ಬೇಕು, ತಾವೇ ಹೇಳ್ತಾರ ತಡಿ ಅಂತಿದ್ಳು.”

ಅಂದೇ ಕೂತು ಬರೆದೆ. ಮೊದಲ ಎಂಟು ದಿನ ಅಳೆದಿದ್ದೇನೆ, ಉಳಿದ ಮೂವತ್ತೆರಡು ದಿನ ಅಳೆದಿಲ್ಲ, ಆ ಸುಳ್ಳು ನನ್ನದು. ಕೆಳಗೆ ಹೆಸರು, ಸಹಿ. ಸಂಶೋಧಕರು ದಫ್ತರ ಒಪ್ಪಿಕೊಂಡಿದ್ದಾರೆ. ಅಪ್ಪನ ಹೆಸರು ಮೊದಲು, ಮಗಳ ಹೆಸರು ಆಮೇಲೆ ಬರುತ್ತದಂತೆ. ಆ ಕಾಗದ ಬರೆಯಲು ನನಗೆ ಹತ್ತು ನಿಮಿಷ ಹಿಡಿಯಿತು. ಅಕ್ಕೋರು ಬದುಕಿದ್ದ ಮೂರು ವರ್ಷಗಳಲ್ಲಿ ಆ ಹತ್ತು ನಿಮಿಷ ನನಗೆ ಸಿಕ್ಕಿರಲಿಲ್ಲ.