ಜಲಜಕ್ಕನ ಎರಡು ಬೆಕ್ಕು

ಜಲಜಕ್ಕ ತಮ್ಮ ಎರಡು ಬೆಕ್ಕುಗಳನ್ನು ಎಂದೂ ಒಂದೇ ರೀತಿ ಕರೆದವರಲ್ಲ. ರಾಜನಿಗೆ ಇಡೀ ಡೊಂಬಿವಲಿಗೆ ಕೇಳುವಂಥ ಕೂಗು. ಗುಬ್ಬಿಗೆ ಉಗುರಿನಿಂದ ನೆಲದ ಮೇಲೆ ಎರಡು ಟಕ್ ಟಕ್. ಒಂದೇ ತಾಯಿಯ ಮರಿಗಳು. ರಾಜ ನಾಯಿಯನ್ನೇ ಓಡಿಸುವವನು, ಗುಬ್ಬಿ ಕುಕ್ಕರಿನ ಸೀಟಿಗೂ ಕಪಾಟಿನಡಿ ಸೇರುವವಳು. ಡೊಂಬಿವಲಿಯ ನಮ್ಮ ಕಟ್ಟಡದವರ ದನಿಯನ್ನೆಲ್ಲ ಅಣಕಿಸುತ್ತಿದ್ದ ನಾನು ಆ ಕರೆಗಳನ್ನೂ ಕಲಿತಿದ್ದೆ. ರಾಜ ಪ್ರತಿ ಸಲ ಮೋಸಹೋಗಿ ಓಡಿಬರುತ್ತಿದ್ದ. ಗುಬ್ಬಿ ಒಮ್ಮೆಯೂ ಬರಲಿಲ್ಲ. ನನ್ನ ಕಲೆಗೆ ಸಿಕ್ಕ ಪ್ರಾಮಾಣಿಕ ವಿಮರ್ಶೆ ಅದೊಂದೇ.

ಆ ಹಳೆಯ ಕಟ್ಟಡ ಕೆಡವಿ ಕಟ್ಟುವ ರೀಡೆವಲಪ್‌ಮೆಂಟಿಗೆ ಹೋದಾಗ ನಾವೂ ಜಲಜಕ್ಕನೂ ಕೋಪರಖೈರಣೆಯಲ್ಲಿ ಅಕ್ಕಪಕ್ಕ ಬಾಡಿಗೆಗೆ ಬಂದೆವು. ಗುಬ್ಬಿ ಒಂದು ವಾರವೂ ಉಳಿಯುವುದಿಲ್ಲ ಎಂದು ನಾನು ಭವಿಷ್ಯ ನುಡಿದೆ. ಅವಳು ಮೂರು ದಿನ ಮಂಚದಡಿಯಿಂದ ಎಲ್ಲವನ್ನೂ ನೋಡಿ, ನಾಲ್ಕನೆಯ ದಿನ ಕಿಟಕಿಗೆ ಬಂದು ಬಿಸಿಲು ಕಾಯಿಸಿದಳು. ಊಟ ಬಿಟ್ಟವನು ರಾಜ. ಹಗಲಿಡೀ ಬಾಗಿಲು ಪರಚುತ್ತಿದ್ದ; ಪಕ್ಕೆಲುಬು ಎಣಿಸುವಂತಾಯಿತು. ಡಾಕ್ಟರು ಕಾಯಿಲೆ ಏನೂ ಇಲ್ಲ ಎಂದರು.

“ಇವನಿಗೆ ಇದ್ದದ್ದು ಧೈರ್ಯ ಅಲ್ಲ ಮಾರಾಯ, ಅಭ್ಯಾಸ,” ಎಂದರು ಜಲಜಕ್ಕ. “ಹೆದರುವವಳು ನೋಡಿ ನೋಡಿ ಕಲಿತಳು. ಇವ ಯಾವಾಗ ನೋಡಿದ್ದು?”

ಡೊಂಬಿವಲಿಯಲ್ಲಿ ರಾಜ ಊಟಕ್ಕೆ ಬರುತ್ತಿದ್ದದ್ದು ಮೀನು ಮಾರುವ ಮಾವಶಿ ಬೀದಿಯಲ್ಲಿ ಕೂಗಿದ ಮೇಲೆ. ಜಲಜಕ್ಕ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಅದನ್ನೇ ಕೂಗಿಸಿದರು. “ಬೊಂಬೀಲ್ ಘ್ಯಾ…” ಮೀನು ಬಂತೆಂದು ಎದುರುಮನೆಯಾಕೆ ಚೀಲ ಹಿಡಿದು ಹೊರಬಂದರು. ಒಳಗೆ ರಾಜ ಕಿವಿ ನಿಮಿರಿಸಿ, ಮೆಲ್ಲಗೆ ತಟ್ಟೆಗೆ ಬಾಯಿಟ್ಟ. ದಿನದಿನಕ್ಕೂ ದನಿ ತಗ್ಗಿಸಲು ಅಕ್ಕ ಹೇಳುತ್ತ ಹೋದರು. ಎರಡು ವಾರದಲ್ಲಿ ರಾಜ ಕೂಗಿಲ್ಲದೆಯೇ ಉಣ್ಣತೊಡಗಿದ, ನನ್ನ ಕೆಲಸ ಹೋಯಿತು.

ವರ್ಷ ತುಂಬುವ ಮೊದಲೇ ಮಾಲೀಕರು ಜಲಜಕ್ಕನ ಮನೆ ಬಿಡಿಸಿದರು. ಅಕ್ಕ ಕಲ್ಯಾಣದಲ್ಲಿದ್ದ ತಂಗಿಯ ಮನೆಗೆ ಹೊರಟರು. ಅವರ ಮಡಿಲಲ್ಲಿ ಮಲಗುತ್ತಿದ್ದವನು ರಾಜ. ಅವನನ್ನಂತೂ ಬಿಡಲಾರರು ಎಂದುಕೊಂಡಿದ್ದೆ. ಅವರು ಅವನ ತಟ್ಟೆಯನ್ನು ನನ್ನ ಕೈಗಿಟ್ಟರು.

“ಇನ್ನೊಂದು ಮನೆ ಇವನಿಂದ ಆಗ್ಲಿಕ್ಕಿಲ್ಲ. ಇಲ್ಲಿಯದೆಲ್ಲ ಈಗ ಗೊತ್ತುಂಟು. ನಿನ್ನ ಹತ್ರವೇ ಇರಲಿ.”

“ಇವನನ್ನು ಬಿಟ್ಟಿರ್ಲಿಕ್ಕೆ ನಿಮ್ಮಿಂದ ಆಗ್ತದಾ?” ಎಂದು ಅವರದೇ ದನಿಯಲ್ಲಿ ಕೇಳಿಬಿಟ್ಟೆ. ಅಂಥ ಹೊತ್ತಿನಲ್ಲಿ ನನಗೆ ಬರುವುದು ಅಣಕವೊಂದೇ. ಅವರು ನಗಲಿಲ್ಲ.

ಹೊರಡಲು ಅವರು ಆರಿಸಿಕೊಂಡದ್ದು ರಾಜನ ಊಟದ ಹೊತ್ತು. ಗುಬ್ಬಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದರು. ಅದು ತಿರುವು ದಾಟಿದ ಮೇಲೆ ನಾನು ಮೇಲೆ ಬಂದೆ. ರಾಜ ನಮ್ಮ ಬಾಗಿಲಲ್ಲಿ ಇನ್ನೂ ತಿನ್ನುತ್ತಿದ್ದ, ತಲೆ ಎತ್ತಲಿಲ್ಲ.