ನಲವತ್ತೇಳನೇ ಕಾಯಿ

ನಮ್ಮ ನಡುಮನೆಯ ಕಿಟಕಿಯಲ್ಲಿ, ವಿಭೂತಿ ಬಟ್ಟಲಿನ ಪಕ್ಕಕ್ಕೆ, ಮಟ್ಟೆ ಸುಲಿಯದ ಒಂದು ಒಣ ತೆಂಗಿನಕಾಯಿ ಕೂತಿದೆ. ಅದರ ಹೊಟ್ಟೆಯ ಮೇಲೆ ಹಸಿರು ಬಣ್ಣದಲ್ಲಿ ನಲವತ್ತೇಳು ಎಂಬ ಅಂಕಿ, ಅಂಕಿಯ ಕೆಳಗೆ ಇದ್ದಿಲಿನ ಒಂದು ಸಣ್ಣ ಗೀಟು. ಮನೆಗೆ ಬಂದವರು ಇದು ಹರಕೆಯ ಕಾಯೇ ಎಂದು ಕೇಳುತ್ತಾರೆ. ನಾನು ಹೌದೆಂದೂ ಅಲ್ಲವೆಂದೂ ಹೇಳದೆ ಕಾಫಿ ತರಿಸುತ್ತೇನೆ. ನಿಮಗೆ ಮಾತ್ರ ನಿಜ ಹೇಳಿಬಿಡುತ್ತೇನೆ. ನನ್ನ ಮುಖ ನಿಮಗೆ ಕಾಣದು, ನಿಮ್ಮದು ನನಗೆ ಕಾಣದು. ತಪ್ಪೊಪ್ಪಿಕೊಳ್ಳುವವನಿಗೆ ಅಷ್ಟು ಮರೆ ಸಿಕ್ಕರೆ ಸಾಕು.

ನಾನು ಹಾರನಹಳ್ಳಿಯವನು. ಎಸ್.ಎಸ್.ಎಲ್.ಸಿ. ಪಾಸು ಮಾಡಿ ನಿಲ್ಲಿಸಿದವನು. ಮಿಕ್ಕ ವಿದ್ಯೆಯೆಲ್ಲ ತೋಟದ್ದು, ಅಟ್ಟದ್ದು. ಅರಸೀಕೆರೆ ಸೀಮೆಯಲ್ಲಿ ಕೊಬ್ಬರಿಗೆಂದು ಕಿತ್ತ ಕಾಯನ್ನು ಯಾರೂ ಆಗಲೇ ಒಡೆಯುವುದಿಲ್ಲ. ಮಟ್ಟೆ ಸಮೇತ ಅಟ್ಟಕ್ಕೇರಿಸಿ, ವರ್ಷದ ಹತ್ತಿರ ಹತ್ತಿರ ಅದನ್ನು ಅದರ ಪಾಡಿಗೆ ಮಲಗಲು ಬಿಡುತ್ತೇವೆ. ಒಳಗಿನ ನೀರು ಮೆಲ್ಲಗೆ ಇಂಗಿ, ತಿರುಳು ಕರಟದ ಹಂಗು ಬಿಟ್ಟು, ಒಂದು ಉಂಡೆಯಾಗಿ ಒಳಗೊಳಗೇ ಉರುಳಾಡತೊಡಗಿದಾಗ ಅದು ಕೊಬ್ಬರಿ. ಹೊರಗಿನಿಂದ ನೋಡಿದರೆ ಎಲ್ಲ ಕಾಯಿಗೂ ಒಂದೇ ಮುಖ. ಅವಸರಪಟ್ಟು ಒಡೆದರೆ ಹಸಿ ಕೊಬ್ಬರಿ ಬೂಷ್ಟು ಹಿಡಿಯುತ್ತದೆ; ಒಡೆದು ನೋಡಿ ಮತ್ತೆ ಮುಚ್ಚಿಡೋಣವೆಂದರೆ ದೇವರು ಅದಕ್ಕೆ ಮುಚ್ಚಳ ಕೊಟ್ಟಿಲ್ಲ. ಆದ್ದರಿಂದ ಒಂದೊಂದೇ ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ಕೇಳಬೇಕು. ಉಂಡೆ ಗಡಗಡ ಎಂದರೆ ಆಗಿದೆ. ಆ ಗಡಗಡದ ಹಿಂದೆ, ಬಾಗಿಲ ಮರೆಯಲ್ಲಿ ನಿಂತವರ ಪಿಸುಮಾತಿನ ಹಾಗೆ, ಒಂದಿಷ್ಟು ನೀರಿನ ಸದ್ದು ಕೇಳಿದರೆ ಆಗಿಲ್ಲ, ಮತ್ತೆ ಅಟ್ಟಕ್ಕೆ.

ಆ ಪಿಸುಮಾತನ್ನು ಹಿಡಿಯುವ ಕಿವಿ ನನಗಿದೆ ಎಂದು ಊರು ನಂಬಿತ್ತು, ಊರಿಗಿಂತ ಮೊದಲು ನಾನು ನಂಬಿದ್ದೆ. ಅಕ್ಕಪಕ್ಕದವರು ಅಟ್ಟದಿಂದ ಕಾಯಿ ಇಳಿಸುವ ದಿನ ನನಗೆ ಹೇಳಿ ಕಳಿಸುತ್ತಿದ್ದರು. ಹೋಗಿ, ಚಾಪೆಯ ಮೇಲೆ ಕೂತು, ಕಣ್ಣು ಮುಚ್ಚಿ ಕಾಯಿ ಅಲ್ಲಾಡಿಸುವಾಗ ಸುತ್ತಲಿನವರು ಮಾತು ನಿಲ್ಲಿಸುತ್ತಿದ್ದರಲ್ಲ, ಆ ಮೌನದ ರುಚಿಯೇ ಬೇರೆ. ನಾಲ್ಕೈದು ವರ್ಷಗಳ ಹಿಂದೆ ನನ್ನ ಕಿವಿ ಮಂದವಾಗತೊಡಗಿತು. ಮೊದಲು ಹೋದದ್ದು ಗುಬ್ಬಿಯ ಸದ್ದು. ಊರಲ್ಲಿ ಗುಬ್ಬಿಗಳೇ ಇಲ್ಲವಾದವು ಎಂದು ನಾನು ನಾಲ್ಕು ಜನರ ಮುಂದೆ ವಿಷಾದ ಪಟ್ಟದ್ದೂ ಉಂಟು. ಆಗ ನಮ್ಮ ಹಿತ್ತಲಿನಲ್ಲೇ ಅವು ಸಂಸಾರ ಮಾಡಿಕೊಂಡಿದ್ದವಂತೆ. ಬಲಗಿವಿ ಪೂರ್ತಿ ಹೋದಮೇಲೆ ವಿಷಯ ನನಗೆ ತಿಳಿಯಿತು. ತಿಳಿದೂ ಯಾರಿಗೂ ಹೇಳಲಿಲ್ಲ. ಕಿವಿ ಬದಲಿಸಿದರೆ ಗುಟ್ಟು ಬಿಟ್ಟುಕೊಟ್ಟಂತೆ ಎಂದು ಅದೇ ಬಲಗಿವಿಗೆ ಹಿಡಿದು ಹಿಂದಿನಂತೆಯೇ ಕಣ್ಣು ಮುಚ್ಚಿ ಅಲ್ಲಾಡಿಸಿದೆ, ಹಿಂದಿನಂತೆಯೇ ತೀರ್ಪು ಕೊಟ್ಟೆ. ನೆರೆಯವರದು ಒಂದಿಷ್ಟು ಕೆಟ್ಟರೆ ಅದು ಅವರ ಅಟ್ಟದ ತೇವದ ತಪ್ಪು ಎಂದೆ. ನಮ್ಮ ಮನೆಯ ಕೊಬ್ಬರಿ ಒಂದು ವರ್ಷವೂ ಕೆಡಲಿಲ್ಲವಾದ್ದರಿಂದ, ಅನುಭವ ಅನ್ನುವುದು ಕಿವಿಯನ್ನೂ ಮೀರಿದ್ದು ಎಂದು ನನಗೆ ನಾನೇ ಒಂದು ಸಿದ್ಧಾಂತ ಕಟ್ಟಿಕೊಂಡೆ.

ಹೀಗಿರುವಾಗ ಮಗನ ಮಗಳು ಸಿಂಚನ, ಹಾಸನದಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದವಳು, ತನ್ನ ಪ್ರಾಜೆಕ್ಟಿಗೆ ಕೊಬ್ಬರಿಯನ್ನೇ ಆರಿಸಿಕೊಂಡಳು. ಪದವಿ ಮುಗಿಯಬೇಕಾದರೆ ಕೆಲಸಕ್ಕೆ ಬರುವ ಒಂದು ಸಾಫ್ಟ್‌ವೇರ್ ತಯಾರು ಮಾಡಿ, ಅದರ ಮೇಲೆ ಪ್ರಬಂಧ ಬರೆದು, ಪರೀಕ್ಷಕರ ಮುಂದೆ ನಡೆಸಿ ತೋರಿಸಬೇಕಂತೆ. ಫೋನಿನ ಪಕ್ಕ ಕಾಯಿ ಅಲ್ಲಾಡಿಸಿದರೆ ಆಗಿದೆಯೋ ಇಲ್ಲವೋ ಎಂದು ಫೋನೇ ಹೇಳಬೇಕು, ಇದು ಅವಳ ಯೋಚನೆ. ತಂಡದಲ್ಲಿ ನಾಲ್ಕು ಜನ ಇದ್ದರೂ ಸದ್ದಿನ ಭಾಗ ಇವಳ ಪಾಲಿಗೆ ಬಂತು, ಏಕೆಂದರೆ ಅಟ್ಟ ಇದ್ದದ್ದು ಇವಳ ಮನೆಯಲ್ಲಿ.

“ತಾತ, ಇದಕ್ಕೆ ಏನೂ ಗೊತ್ತಿಲ್ಲ, ಎಳೇ ಮಗು ಇದ್ದಂಗೆ,” ಎಂದು ಫೋನು ತೋರಿಸಿದಳು. “ನೀವೇ ಮೇಷ್ಟ್ರು. ಅಕ್ಷರಾಭ್ಯಾಸ ಮಾಡಿಸಿ.”

ಎಸ್.ಎಸ್.ಎಲ್.ಸಿ. ಓದಿದವನನ್ನು ಬಿ.ಇ. ಓದುವವಳು ಮೇಷ್ಟ್ರು ಎಂದರೆ ಹೇಗಾಗಬೇಡ? ಆ ಕ್ಷಣದಲ್ಲೇ ನನ್ನ ಕಿವಿಯ ಕಥೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹೋಗಿ ಒಗೆದ ಪಂಚೆ ಉಟ್ಟುಕೊಂಡು ಬಂದೆ.

ಅವಳು ಕಾಯಿಗಳಿಗೆ ಹಸಿರು ಬಣ್ಣದಲ್ಲಿ ಅಂಕಿ ಬರೆದಳು. ನಾನು ಒಂದೊಂದನ್ನೇ ಎತ್ತಿ ಮೂರು ಸಲ ಅಲ್ಲಾಡಿಸುವುದು, ಫೋನು ಆ ಸದ್ದನ್ನು ತುಂಬಿಕೊಳ್ಳುವುದು, ನಾನು ಆಗಿದೆ ಅಥವಾ ಆಗಿಲ್ಲ ಎನ್ನುವುದು, ಅವಳು ಬರೆದುಕೊಳ್ಳುವುದು. ಹೀಗೆ ಎಷ್ಟೋ ಭಾನುವಾರಗಳು ನಡೆದವು. ನೂರಾರು ಸಲ ಕೇಳಿ ಕೇಳಿ, ಯಾವ ಸದ್ದಿಗೆ ತಾತ ಏನೆಂದರು ಎಂಬುದನ್ನು ಆ ಸಾಫ್ಟ್‌ವೇರ್ ತಾನೇ ಕಲಿತುಕೊಳ್ಳುತ್ತದಂತೆ. ಮನುಷ್ಯ ಶಿಷ್ಯನಾದರೆ ಒಂದಲ್ಲ ಒಂದು ದಿನ ಗುರುವಿನ ಮೇಲೆ ಅನುಮಾನ ಪಡುತ್ತಾನೆ, ಬೆನ್ನ ಹಿಂದೆ ನಗುತ್ತಾನೆ. ಇದು ಹಾಗಲ್ಲ. ಗುರುವಿನ ವಿದ್ಯೆಯ ಜೊತೆಗೆ ಗುರುವಿನ ಕುರುಡನ್ನೂ ಕಿವುಡನ್ನೂ ಅಷ್ಟೇ ಭಕ್ತಿಯಿಂದ ಕಲಿಯುತ್ತದೆ. ಇಂಥ ಶಿಷ್ಯನ ಮುಂದೆ ಕೂರುವಾಗ ಮೈಯೆಲ್ಲ ಎಚ್ಚರವಿರಬೇಕಿತ್ತು. ನನಗೆ ಇದ್ದದ್ದು ಪಂಚೆಯ ಮೇಲಿನ ಎಚ್ಚರ.

ಅವಳ ಗೈಡ್ ಮೇಡಂ ಬೇಲೂರಿನವರು, ಬಿಗಿ ಹೆಂಗಸು. ನಿಮ್ಮ ತಾತ ಹೇಳಿದ್ದೇ ಸರಿ ಅಂತ ಹೇಗೆ ಗೊತ್ತು, ಕೆಲವನ್ನಾದರೂ ಒಡೆದು ನೋಡು ಎಂದರಂತೆ. ನಮ್ಮ ತಾತ ತಪ್ಪುವುದಿಲ್ಲ ಎಂದು ಇವಳು ವಾದಿಸಿ ಬಂದಳಂತೆ. ಆದರೂ ಒಡೆಯಲೇಬೇಕಾಯಿತು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ನಮ್ಮ ಬೀಗರು, ಸಿಂಚನಳ ತಾಯಿಯ ತಂದೆ ರುದ್ರಪ್ಪನವರು, ಆಗ ಅಟ್ಟ ಇಳಿಸುತ್ತಿದ್ದರು. ತಾತ ಮೊಮ್ಮಗಳು ಫೋನು ಹಿಡಿದು ಅಲ್ಲಿಗೆ ಹೋದೆವು. ಇಪ್ಪತ್ತು ಕಾಯಿ ಇಟ್ಟರು. ನಾನು ಅಲ್ಲಾಡಿಸಿ ಎಲ್ಲವೂ ಆಗಿವೆ ಎಂದೆ. ಫೋನೂ ಒಂದೊಂದಕ್ಕೂ ಅದನ್ನೇ ಅಂದಿತು. ಬೀಗರು ತಲೆದೂಗಿದರು. ಸುಲಿದು ಒಡೆದರೆ ಏಳು ಕಾಯಿ ಹಸಿ. ಒಂದರಿಂದಂತೂ ನೀರು ತೊಟ್ಟಿಕ್ಕಿತು.

“ಏನ್ ಬೀಗ್ರೇ,” ಎಂದು ರುದ್ರಪ್ಪನವರು ನಕ್ಕರು. “ನಮ್ಮೂರ್ ಕಾಯಿ ಮಾತು ನಿಮ್ಗೆ ಅರ್ಥ ಆಗ್ಲಿಲ್ವಾ?”

ಅವರು ನಕ್ಕದ್ದು ಸಲಿಗೆಗೆ. ನನಗೆ ಮಾತ್ರ ಬೆಂಕಿ ಬಿದ್ದಂತಾಯಿತು. “ಈ ಸೀಮೆ ಕಾಯೇ ಹಿಂಗೆ,” ಎಂದುಬಿಟ್ಟೆ. “ಮಟ್ಟೆ ದಪ್ಪ. ಸದ್ದೇ ಬ್ಯಾರೆ ಬತ್ತದೆ. ನಮ್ ಕಡೆ ಕಾಯಾಗಿದ್ರೆ ತಪ್ತಿರ್ಲಿಲ್ಲ.”

ಬೀಗರ ನಗು ನಿಂತಿತು. ತಲೆಮಾರಿನಿಂದ ಬೆಳೆದ ಕಾಯಿಯನ್ನು ಅವರದೇ ಜಗಲಿಯಲ್ಲಿ ಕೂತು ಹಳಿದಿದ್ದೆ. ಪಕ್ಕದಲ್ಲಿದ್ದ ಸಿಂಚನ ನನ್ನ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಹಿಂದಿರುಗುವಾಗ ಬಸ್ಸಿಗೆ ಹೊತ್ತಿತ್ತು. ಹಳೇಬೀಡಿನ ಗುಡಿಯ ಸುತ್ತ ಒಂದು ಬಳಸು ಬಂದೆವು. ಸಿಂಗಾರದ ಗೋಡೆಯ ನಡುವೆ ಒಂದೊಂದು ಕಡೆ ಕೆತ್ತನೆ ಅರ್ಧಕ್ಕೇ ನಿಂತಿದೆ. ಕಲ್ಲು ಕಲ್ಲಾಗಿಯೇ ಉಳಿದಿದೆ. ಚಿಕ್ಕಂದಿನಿಂದ ಎಷ್ಟು ಸಲ ನೋಡಿದ್ದೇನೋ, ಅಂದು ಮಾತ್ರ ಅದರ ಮುಂದೆ ನಿಲ್ಲಲಾಗಲಿಲ್ಲ. ಮುಗಿಯದ ಕಲ್ಲು ತಾನು ಮುಗಿದಿಲ್ಲವೆಂದು ಇಷ್ಟು ಕಾಲದಿಂದ ಎಲ್ಲರೆದುರು ಹೇಳಿಕೊಂಡೇ ನಿಂತಿದೆ, ಅದಕ್ಕೊಂದು ಅವಮಾನವಿಲ್ಲ. ನನಗೆ ಒಂದು ಕಿವಿ ಕೇಳುವುದಿಲ್ಲ ಎನ್ನಲು ಬಾಯಿಲ್ಲ.

ನನ್ನ ಸುಳ್ಳಿಗೆ ಅವಳು ಒಂದು ತಿಂಗಳು ದುಡಿದಳು. ಸೀಮೆಗೊಂದು ಸದ್ದು ಇದೆ ಎಂದಮೇಲೆ ಸೀಮೆ ಸೀಮೆಯ ಕಾಯಿ ಬೇಕಲ್ಲ. ಬೇಲೂರು, ಜಾವಗಲ್, ಬಾಣಾವರ ಎಂದು ಬಸ್ಸು ಹತ್ತಿ ಇಳಿದಳು, ಚೀಲ ಹೊತ್ತಳು, ಬರೆದ ಕೋಡನ್ನೆಲ್ಲ ಕೆಡವಿ ಮತ್ತೆ ಬರೆದಳು. ಏನು ಮಾಡಿದರೂ ಫೋನಿನ ತೀರ್ಪಿಗೂ ಒಡೆದ ಕಾಯಿಗೂ ಲೆಕ್ಕ ಕೂಡಲಿಲ್ಲ. ಪ್ರಬಂಧ ಒಪ್ಪಿಸುವ ದಿನ ಹತ್ತಿರವಾಗುತ್ತಿತ್ತು. ಗೈಡ್ ಸಹಿ ಹಾಕದಿದ್ದರೆ ಪದವಿ ಮುಂದಕ್ಕೆ ಹೋಗುತ್ತದೆ. ಹುಡುಗಿ ಊಟದ ತಟ್ಟೆಯ ಮುಂದೆ ಕೂತು ತನ್ನ ತಲೆಯೇ ಸರಿಯಿಲ್ಲ ಎಂದು ತಾಯಿಯ ಬಳಿ ಹೇಳಿಕೊಳ್ಳುವಾಗ ನಾನು ಮಜ್ಜಿಗೆ ಕಲಸಿಕೊಳ್ಳುತ್ತಿದ್ದೆ. ಆ ಮಾತು ನನ್ನ ಎಡಗಿವಿಗೆ ಚೆನ್ನಾಗಿಯೇ ಕೇಳಿಸಿತು.

ಒಂದು ಬೆಳಿಗ್ಗೆ ಅವಳು ಕಾಲೇಜಿಗೆ ಹೋದಮೇಲೆ, ಅವಳಿಗೆ ಬೇಕಿದ್ದ ಒಂದೆರಡು ಆಗದ ಕಾಯಿ ಇಳಿಸೋಣವೆಂದು ನಾನೇ ಏಣಿ ಹತ್ತಿದೆ. ಅಟ್ಟದ ಮೂಲೆಯಲ್ಲಿ, ಬೇರೆಯಾಗಿ ಕೂಡಿಸಿಟ್ಟ ಒಂದು ಸಣ್ಣ ರಾಶಿ ಕಂಡಿತು. ಎಲ್ಲದರ ಮೇಲೂ ಹಸಿರು ಅಂಕಿ, ಅಂಕಿಯ ಕೆಳಗೆ ಇದ್ದಿಲ ಗೀಟು. ಮೇಲಿದ್ದದ್ದು ನಲವತ್ತೇಳು. ಅದನ್ನು ನಾನು ಆಗಿದೆ ಎಂದಿದ್ದೆ. ಬೇಗ ಆದ ಕಾಯಿ ಎಂದು ಅವಳಿಗೊಂದು ಉಪನ್ಯಾಸವನ್ನೂ ಕೊಟ್ಟಿದ್ದರಿಂದ ನೆನಪಿತ್ತು. ಕೆಳಗೆ ಸುಲಿಯಲು ಹಾಕಿದ್ದ ಕಾಯಿ ಮತ್ತೆ ಅಟ್ಟಕ್ಕೆ ಯಾರ ಅಪ್ಪಣೆಯಿಂದ ಬಂತು? ಮೊದಲು ಬಂದದ್ದು ಸಿಟ್ಟು. ಆಮೇಲೆ ಉಸಿರು ಬಿಗಿಹಿಡಿದು, ಎಡಗಿವಿಗೆ ಒತ್ತಿ, ಅಲ್ಲಾಡಿಸಿದೆ. ಬಹಳ ದೂರದಲ್ಲಿ, ಒಂದು ಹನಿಯಷ್ಟು ನೀರು ತುಳುಕಿತು.

ಕಾಯಿ ಹಿಡಿದು ಇಳಿದು ಬಂದೆ. ನನ್ನಾಕೆ ಗಿರಿಜಮ್ಮ ಹಿತ್ತಲ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಾನು ತೀರ್ಪು ಕೊಟ್ಟ ಕಾಯಿ ಸುಲಿಯುವವರ ಕೈ ಸೇರುವ ಮೊದಲು, ಅವಳು ಪ್ರತಿ ವರ್ಷವೂ ಆ ರಾಶಿಯ ಬಳಿ ಕೂರುತ್ತಿದ್ದಳು. ಎಣಿಸುತ್ತಾಳೆ ಎಂದುಕೊಂಡಿದ್ದೆ. ಕಾಯಿ ತೋರಿಸಿ ಕೇಳಿದಾಗ ನಿಜ ಹೊರಬಿತ್ತು: ಎಣಿಸುತ್ತಿರಲಿಲ್ಲ. ಒಂದೊಂದನ್ನೂ ಎತ್ತಿ ತನ್ನ ಕಿವಿಗೆ ಹಿಡಿದು, ಹಸಿಯಾದದ್ದಕ್ಕೆ ಗೀಟೆಳೆದು, ಬುಟ್ಟಿಯಲ್ಲಿ ತುಂಬಿ ಅಟ್ಟಕ್ಕೆ ವಾಪಸು ಕಳಿಸುತ್ತಿದ್ದಳು. ನಾಲ್ಕು ವರ್ಷ. ನಮ್ಮ ಕೊಬ್ಬರಿ ಕೆಡದೆ ಉಳಿದದ್ದು ಹಾಗೆ.

ನನಗೇಕೆ ಹೇಳಲಿಲ್ಲ ಎಂದೆ.

“ಹೇಳಿದ್ರೆ ಕೇಳ್ಸೋದಾ ನಿಮ್ಗೆ?” ಎಂದಳು, ಸೊಪ್ಪಿನಿಂದ ತಲೆ ಎತ್ತದೆ. ಕೈಯಲ್ಲಿದ್ದ ಕಟ್ಟು ಬಿಡಿಸಿ ಮುಗಿಸಿ ಮೆತ್ತಗೆ, “ಊರೋರು ನಿಮ್ ಕಿವೀನ ಹೊಗಳ್ತಿದ್ರು. ನಿಮ್ಗೂ ಸಂತೋಸ ಇತ್ತು. ಹೋಗ್ಲಿ ಅಂತ ಬಿಟ್ಟೆ. ಆದ್ರೆ ಮಗಾನ ಅಳುಸ್ಬ್ಯಾಡಿ. ಇವತ್ತು ನೀವು ಹೇಳ್ದೇ ಇದ್ರೆ ನಾನೇ ಹೇಳ್ತೀನಿ.”

ಸಂಜೆ ಹಾಸನದ ಬಸ್ಸಿನಿಂದ ಸಿಂಚನ ಇಳಿದು ಬಂದಾಗ ಜಗಲಿಯ ಮೇಲೆಯೇ ಕೂರಿಸಿ ಎಲ್ಲ ಹೇಳಿದೆ: ಬಲಗಿವಿ, ಬಸ್ತಿಹಳ್ಳಿ, ದಪ್ಪ ಮಟ್ಟೆಯ ಸುಳ್ಳು, ಅಜ್ಜಿಯ ಗೀಟು. ಅವಳು ಕಾಯಿಯನ್ನೇ ನೋಡುತ್ತಿದ್ದಳು.

“ಒಂದು ತಿಂಗಳು, ತಾತ,” ಎಂದಳು. “ನನ್ನ ಕೋಡೇ ದಂಡ ಅಂತ ಎಲ್ಲರ ಹತ್ರ ಬೈಸ್ಕೊಂಡೆ. ತಾತ ಹೇಳಿದ್ಮೇಲೆ ಮುಗೀತು ಅಂತ ಮೇಡಂ ಹತ್ರ ಜಗಳ ಆಡಿದೆ.”

ಅಷ್ಟೇ ಹೇಳಿ ಒಳಗೆ ಹೋದಳು. ಬೈದಿದ್ದರೆ ಹಗುರಾಗುತ್ತಿತ್ತು. ಅಂದು ನಾನು ಕೇಳಿಸಿಕೊಂಡ ಮೌನ, ಚಾಪೆಯ ಮೇಲೆ ಕೂತು ಸವಿದಿದ್ದ ಆ ಮೌನದಂತಿರಲಿಲ್ಲ.

ಮಾರನೆಯ ಬೆಳಿಗ್ಗೆ ಪುಸ್ತಕ ಹಿಡಿದು ತಾನೇ ಬಂದಳು. ಯಾವ ಕಿವಿ, ಯಾವಾಗಿನಿಂದ, ಯಾವ ಸದ್ದು ಕೇಳುತ್ತದೆ, ಯಾವುದು ಇಲ್ಲ ಎಂದು ವೈದ್ಯರಿಗಿಂತ ಹೆಚ್ಚು ಕೇಳಿ ಬರೆದುಕೊಂಡಳು. ನನ್ನ ತೀರ್ಪನ್ನೂ ಅಜ್ಜಿಯ ಗೀಟನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ಹಸಿಯನ್ನು ನಾನು ಆಗಿದೆ ಎಂದದ್ದುಂಟು; ಆಗಿಲ್ಲ ಎಂದವನ್ನು ಅಜ್ಜಿಯ ಕಿವಿಗೂ ಕೊಟ್ಟು ನೋಡಿದರೆ, ಆದದ್ದನ್ನು ಆಗಿಲ್ಲ ಎಂದದ್ದು ಒಂದೂ ಇರಲಿಲ್ಲವಂತೆ. ಉಂಡೆ ಬಿಟ್ಟುಕೊಂಡು ಉರುಳುವುದನ್ನು ನಾನು ಕಿವಿಯಿಂದಲ್ಲ, ಅಂಗೈಯಿಂದ ಹಿಡಿಯುತ್ತಿದ್ದೆ. ನೀರಿನ ಪಿಸುಮಾತಿಗೆ ಅಂಗೈ ಸಾಲದು.

“ನಿಮ್ಮ ಕೈ ಸರಿ ಇದೆ ತಾತ,” ಎಂದಳು. ನಗಲಿಲ್ಲ. ಆದರೂ ತಾತ ಎಂದಳಲ್ಲ.

ಆ ಭಾನುವಾರ ನಾನೇ ಹಟ ಮಾಡಿ ಅವಳ ಜೊತೆ ಬೇಲೂರಿಗೆ, ಗೈಡ್ ಮೇಡಂ ಮನೆಗೆ ಹೋದೆ. ಅವಳ ತಪ್ಪಲ್ಲ, ಕಲಿಸಿದವನದು ಎಂದು ಕೈಮುಗಿದು ಹೇಳಿದೆ. ಅವರು ಕೂರಿ ಎಂದು ಕುರ್ಚಿ ಎಳೆದುಕೊಟ್ಟು, ಸಿಂಚನಳ ಕಡೆ ತಿರುಗಿ, ಇದನ್ನು ಮುಚ್ಚಬೇಡ, ಬಲ್ಲವರು ಎಲ್ಲಿ ತಪ್ಪುತ್ತಾರೆ ಎಂದು ಒಂದು ಅಧ್ಯಾಯವನ್ನೇ ಬರೆ ಎಂದರು. ಸಮಯ ಮಾತ್ರ ಒಂದು ದಿನವೂ ಹೆಚ್ಚು ಕೊಡಲಿಲ್ಲ.

ಆಮೇಲಿನ ದಿನಗಳಲ್ಲಿ ಚಾಪೆಯ ಮೇಲೆ ಕೂತವಳು ಗಿರಿಜಮ್ಮ. ಅವಳು ಹೇಳಿದ್ದನ್ನೂ ನಂಬದೆ, ಇದ್ದ ಕಾಯಲ್ಲಿ ಸಾಧ್ಯವಾದಷ್ಟನ್ನು ಸಿಂಚನ ಒಡೆದು ನೋಡಿದಳು; ಅಜ್ಜಿಯೂ ಎರಡು ಕಡೆ ತಪ್ಪಿದಳು, ತಪ್ಪಿದಾಗಲೆಲ್ಲ ನನ್ನ ಕಡೆ ನೋಡಿದಳು. ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಫೋನನ್ನು ಕಾಯಿಗೇ ಬಿಗಿದದ್ದು ನಾನು. ಅಲುಗಾಟವನ್ನು ಅಳೆಯುವ ಶಕ್ತಿ ಫೋನಿಗೆ ಮೊದಲೇ ಇದೆಯಂತೆ. ಹೀಗೆ ಆ ಎಳೆಯ ಶಿಷ್ಯನಿಗೆ ನನ್ನ ಅಂಗೈಯೂ ಗಿರಿಜಮ್ಮನ ಕಿವಿಯೂ ಸೇರಿ ಎರಡು ಪಾಠವಾಯಿತು. ಈಗಲೂ ಅದು ಕೆಲವು ಕಾಯಿಗೆ ಮೋಸಹೋಗುತ್ತದೆ. ಮೋಸಹೋಗುವುದನ್ನು ಸಿಂಚನ ಪ್ರಬಂಧದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಪರೀಕ್ಷಕರು ತಾವೇ ಕಾಯಿ ಅಲ್ಲಾಡಿಸಿ ನೋಡಿ, ಟ್ಯೂಬು ಯಾರ ಯೋಚನೆ ಎಂದು ಕೇಳಿದರಂತೆ. ಪಾಸಾದಳು. ನೀಲಿ ರಟ್ಟಿನ ಪ್ರಬಂಧ ಮನೆಗೆ ಬಂದಾಗ ಗಿರಿಜಮ್ಮ ಅದರಲ್ಲಿ ತನ್ನ ಹೆಸರಿರುವ ಸಾಲನ್ನು ಮೂರು ಸಲ ಓದಿಸಿಕೊಂಡಳು. ನನ್ನ ಅಧ್ಯಾಯವನ್ನು ನಾನೇ ಓದಿಕೊಂಡೆ. ಇಂಗ್ಲಿಷು ಪೂರ್ತಿ ತಿಳಿಯದಿದ್ದರೂ, ಅಲ್ಲಿ ಬರೆದದ್ದೆಲ್ಲ ನಿಜ ಎಂಬುದು ತಿಳಿಯಿತು. ಎಷ್ಟೋ ವರ್ಷಗಳ ಹೊಗಳಿಕೆ ಕೊಡದಿದ್ದ ಒಂದು ನೆಮ್ಮದಿಯನ್ನು ಆ ಹಾಳೆಗಳು ಕೊಟ್ಟವು.

ಇನ್ನು ಆ ಕಿಟಕಿಯ ಕಾಯಿ. ಮನೆಯವರಿಗೂ ಮೇಡಂಗೂ ಹೇಳಿದೆನಾದರೂ ರುದ್ರಪ್ಪನವರಿಗೆ ಹೇಳಿರಲಿಲ್ಲ. ಅವರ ಕಾಯಿಯ ಮೇಲೆ ನಾನು ಹೊರಿಸಿದ ಅಪವಾದ ಬಸ್ತಿಹಳ್ಳಿಯ ಜಗಲಿಯಲ್ಲಿ ಹಾಗೇ ಕೂತಿದೆ. ನಲವತ್ತೇಳನೆಯದು ಆದ ದಿನ ತೆಗೆದುಕೊಂಡು ಹೋಗಿ ಅವರ ಮುಂದೆಯೇ ಒಡೆದು, ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಬೇಕೆಂದು ಅದನ್ನು ಕಣ್ಣೆದುರಿಗೆ ಇಟ್ಟುಕೊಂಡೆ. ದಿನಾ ಬೆಳಿಗ್ಗೆ ಅಂಗೈಯಲ್ಲಿ ಹಿಡಿದು ಅಲ್ಲಾಡಿಸುತ್ತೇನೆ. ಕೈ ಆಗಿದೆ ಎನ್ನುತ್ತದೆ. ಕೈಯ ಮಾತನ್ನು ಪೂರ್ತಿ ನಂಬದೆ ಗಿರಿಜಮ್ಮನಿಗೆ ಕೊಡುತ್ತೇನೆ.

ಇವತ್ತು ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಕಾಯಿ ಕಿವಿಗಿಟ್ಟು, ಬಹಳ ಹೊತ್ತು ಕೇಳಿದಳು. ಹಿತ್ತಲಲ್ಲಿ ಗುಬ್ಬಿ ಕೂಗುತ್ತಿದ್ದವೋ ಏನೋ, ಅತ್ತ ಕೈ ಬೀಸಿ ಸುಮ್ಮನಿರಿಸಿದಳು.

“ಆಗೈತೆ,” ಎಂದಳು. “ಚೀಲ ಕೊಡ್ಲಾ?”

ಕೊಡು ಎಂದೆ. ಅರಸೀಕೆರೆಯಲ್ಲಿ ಬಸ್ಸು ಬದಲಿಸಿದರೆ ಮಧ್ಯಾಹ್ನದೊಳಗೆ ಬಸ್ತಿಹಳ್ಳಿ.