ಆಕಳಿಸುವ ಮಕ್ಕಳಿಗೆ ಟಾನಿಕ್

ಸೂಜಿಯಕ್ಕನಿಗೆ ಆ ಹೆಸರಿಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಕೂತವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ರಕ್ತ ತೆಗೆಯುವುದು ಅವಳ ಕೆಲಸ. ಅದರಿಂದ ಬಂದ ಹೆಸರು ಅಂತ ಲ್ಯಾಬಿನವರು ಹೇಳುತ್ತಾರೆ. ಬಾಯಿಂದ ಬಂದ ಹೆಸರು ಅಂತ ಅವಳ ಗಂಡ ಹೇಳುತ್ತಾನೆ. ಕೈ ಮಾತ್ರ ಹೂವಿನಷ್ಟು ಹಗುರ. ಚುಚ್ಚಿದ್ದು ಗೊತ್ತಾಗುವ ಮೊದಲೇ ಹತ್ತಿ ಒತ್ತಿ, ‘ಕೈ ಮಡಚಿ ಹಿಡ್ಕೊಳಿ’ ಎಂದಿರುತ್ತಾಳೆ. ಮಾತಿನ ವಿಷಯದಲ್ಲಿ ಆ ನಾಜೂಕು ಇಲ್ಲ, ಹತ್ತಿಯೂ ಇಲ್ಲ.

ಇಂಥವಳು ಪರದೇಶದ ಅನಾಥ ಮಕ್ಕಳಿಗೆ ನೆರವಾಗುವ ಸಂಘದ ಕಾರ್ಯದರ್ಶಿ ಆಗಿದ್ದು ಹೇಗೆ ಎನ್ನುವುದು ದೊಡ್ಡ ಕಥೆಯಲ್ಲ. ಒಂದು ಸಭೆಗೆ ಸುಮ್ಮನೆ ಹೋಗಿದ್ದಳು. ‘ಕಳೆದ ಸಲ ಕಳಿಸಿದ ಬಟ್ಟೆ ಮಕ್ಕಳಿಗೆ ಸರಿಹೋಯ್ತಾ?’ ಅಂತ ಒಂದು ಪ್ರಶ್ನೆ ಕೇಳಿದಳು. ಸಂಘಗಳ ರೀತಿಯೇ ಹಾಗೆ, ಕೇಳಿದವರ ಕೊರಳಿಗೇ ಕೆಲಸ. ಮುಂದಿನ ಸಭೆಯಲ್ಲಿ ಅವಳನ್ನು ಕಾರ್ಯದರ್ಶಿ ಮಾಡಿ ಚಪ್ಪಾಳೆ ತಟ್ಟಿದರು. ಆ ಪ್ರಶ್ನೆಗೆ ಉತ್ತರವನ್ನು ಮಾತ್ರ ಈವರೆಗೂ ಯಾರೂ ಕೊಟ್ಟಿಲ್ಲ.

ಸಂಘ ಕಟ್ಟಿದವರು ಬಣ್ಣದಂಗಡಿಯ ಯಜಮಾನರು. ಅವರನ್ನು ಬರೀ ಬಡಾಯಿಯ ಮನುಷ್ಯ ಅಂದರೆ ನಾಲಿಗೆಗೆ ಪಾಪ ಸುತ್ತಿಕೊಳ್ಳುತ್ತದೆ. ಪ್ರಾಯದಲ್ಲಿ ಆ ದೇಶಕ್ಕೆ ಕಟ್ಟಡಗಳಿಗೆ ಬಣ್ಣ ಬಳಿಯಲು ಹೋಗಿದ್ದರು. ಅಲ್ಲಿ ಜ್ವರ ಬಂದು ಬಿದ್ದಾಗ ಪಕ್ಕದ ಮಕ್ಕಳ ಆಶ್ರಮದವರು ಒಳಗೆ ಕರೆದೊಯ್ದು, ಮೈ ಒರೆಸಿ, ಗಂಜಿ ಕುಡಿಸಿ ಉಳಿಸಿಕೊಂಡಿದ್ದರು. ಆ ಋಣ ತೀರಿಸಲೆಂದೇ ಸಂಘ. ಆಶ್ರಮದ ಸೋರುತ್ತಿದ್ದ ಚಾವಣಿ ಹೋಗಿ ಹೊಸದು ಬಂದದ್ದು ಇವರಿಂದಲೇ. ಆದರೆ ಚಾವಣಿ ಹಾಕಿಸಿದವರಿಗೆ ಅದರ ಕೆಳಗೆ ಮಲಗಿದವರನ್ನು ಬೇಕೆಂದಾಗ ಎಬ್ಬಿಸುವ ಹಕ್ಕೂ ಇದೆ ಅಂತ ಯಾವಾಗ ಅನ್ನಿಸಿತೋ, ಅದು ಅವರಿಗೇ ಗೊತ್ತಿರಲಿಕ್ಕಿಲ್ಲ.

ತಿಂಗಳ ಎರಡನೇ ಶನಿವಾರ ಅಂಗಡಿ ಬಾಗಿಲು ಎಳೆದ ಮೇಲೆ, ಮಹಡಿಯ ಗೋಡೌನಿನಲ್ಲಿ ಸಭೆ. ಬಣ್ಣದ ಡಬ್ಬಗಳೇ ಕುರ್ಚಿ. ಟರ್ಪೆಂಟೈನ್ ವಾಸನೆಗೆ ಎಲ್ಲರಿಗೂ ತಲೆ ಸ್ವಲ್ಪ ತಿರುಗುತ್ತಿರುತ್ತದೆ. ಅಲ್ಲಿನ ಕೆಲವು ತೀರ್ಮಾನಗಳಿಗೆ ಅದೇ ಕಾರಣವಿರಬೇಕು ಅಂತ ಸೂಜಿಯಕ್ಕನ ಅನುಮಾನ. ಸಭೆಯ ಕೊನೆಗೆ ಟೀವಿಗೆ ಫೋನ್ ಜೋಡಿಸಿ ಆಶ್ರಮಕ್ಕೆ ವಿಡಿಯೋ ಕಾಲ್. ಆ ಕೆಲಸ ಅವಳದು. ಅಲ್ಲಿ ನೀಲಿ ಬಟ್ಟೆಯ ಪರದೆಯ ಮುಂದೆ ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ನಿಂತು ಸ್ವಾಗತಗೀತೆ ಹಾಡುತ್ತವೆ. ಎಲ್ಲರಿಗಿಂತ ದೊಡ್ಡ ಹುಡುಗಿ ದನಿ ಎತ್ತಿ ಕೊಡುತ್ತಾಳೆ, ಉಳಿದವು ಹಿಂದೆ ಎಳೆಯುತ್ತವೆ. ಚಿಕ್ಕವು ಹಾಡಿನ ನಡುವೆ ಆಕಳಿಸುತ್ತವೆ, ಕಣ್ಣುಜ್ಜುತ್ತವೆ. ಒಂದು ಸಲ ತುದಿಯಲ್ಲಿದ್ದ ಪುಟ್ಟ ಹುಡುಗಿ ನಿಂತಲ್ಲೇ ವಾಲಿಬಿಟ್ಟಿತು. ಇಲ್ಲಿ ಎಲ್ಲರೂ ಅಯ್ಯೋ ಅಂದರು. ‘ಪಾಪ, ನಿಶ್ಶಕ್ತಿ’ ಅಂದರು ಯಜಮಾನರು. ರಕ್ತದ ವಿಷಯ ಸೂಜಿಯಕ್ಕನಿಗೆ ಗೊತ್ತಲ್ಲ, ಅವಳೇ ಮುಂದೆ ನಿಂತು ಕಬ್ಬಿಣಾಂಶದ ಟಾನಿಕ್ ಕಳಿಸಿದಳು. ಮಕ್ಕಳು ಮತ್ತೂ ಆಕಳಿಸಿದವು. ಇವರು ಇನ್ನಷ್ಟು ದುಬಾರಿ ಟಾನಿಕ್ ಕಳಿಸಿದರು.

ಸಂಘ ಹುಟ್ಟಿ ಇಪ್ಪತ್ತೈದು ವರ್ಷವಾಯಿತೆಂದು ಬೆಳ್ಳಿಹಬ್ಬದ ಏರ್ಪಾಟು ನಡೆದಿತ್ತು. ಬಾಡಿಗೆ ಸಭಾಂಗಣ, ದೊಡ್ಡ ಪರದೆ, ಲಾರಿ ಕಂಪನಿಯ ಮಾಲೀಕರು ಮುಖ್ಯ ಅತಿಥಿ. ಒಂದು ಬೆಳಗ್ಗೆ ಲ್ಯಾಬಿನಲ್ಲಿ ಕೈತುಂಬ ಕೆಲಸವಿದ್ದಾಗ ಅವಳ ಫೋನಿಗೆ ಆ ದೊಡ್ಡ ಹುಡುಗಿಯಿಂದ ಒಂದು ಸಂದೇಶ ಬಂತು. ಕಲಿತಷ್ಟು ಇಂಗ್ಲಿಷಿನಲ್ಲಿ ಬರೆದಿದ್ದಳು. ನಿಮ್ಮ ಕಾರ್ಯಕ್ರಮದ ಮರುದಿನ ಬೆಳಗ್ಗೆ ನನಗೆ ನರ್ಸಿಂಗ್ ಪ್ರವೇಶ ಪರೀಕ್ಷೆ. ಅದರಲ್ಲಿ ಪಾಸಾದರೆ ಹಾಸ್ಟೆಲ್ಲೂ ಸಿಗುತ್ತದೆ. ಹದಿನೆಂಟಾದ ಮೇಲೆ ಆಶ್ರಮದಲ್ಲಿ ಇಟ್ಟುಕೊಳ್ಳುವುದಿಲ್ಲ, ನನಗೆ ಬೇರೆ ಮನೆ ಇಲ್ಲ. ಆ ಒಂದು ರಾತ್ರಿ ನನ್ನನ್ನು ಎಬ್ಬಿಸದಿದ್ದರೆ ಆಗುತ್ತದಾ, ಆಂಟಿ? ಅಮ್ಮನವರಿಗೆ ನಿಮ್ಮನ್ನು ಕೇಳಲು ಭಯ.

ಅಮ್ಮನವರೆಂದರೆ ಆಶ್ರಮದ ವಾರ್ಡನ್. ‘ಎಬ್ಬಿಸದಿದ್ದರೆ’ ಎನ್ನುವಲ್ಲಿ ಸೂಜಿಯಕ್ಕನ ಕಣ್ಣು ನಿಂತಿತು. ಫೋನಿನಲ್ಲೇ ಆ ದೇಶದ ಗಂಟೆ ತೆಗೆದು ನೋಡಿದಳು. ಇಲ್ಲಿ ಸಂಜೆಯಾದರೆ ಅಲ್ಲಿ ನಡುರಾತ್ರಿ ದಾಟಿರುತ್ತದೆ. ಪ್ರತಿ ತಿಂಗಳ ಎರಡನೇ ಶನಿವಾರ ಆ ಮಕ್ಕಳನ್ನು ಗಾಢ ನಿದ್ದೆಯಿಂದ ಎಬ್ಬಿಸಿ, ತಲೆ ಬಾಚಿ, ಸಾಲಾಗಿ ನಿಲ್ಲಿಸುತ್ತಿದ್ದರು. ಆ ನೀಲಿ ಪರದೆ ಅಲಂಕಾರಕ್ಕಲ್ಲ, ಹಿಂದೆ ಇದ್ದದ್ದು ಕತ್ತಲೆ. ತಾವು ನಿದ್ದೆ ಕೆಡಿಸಿ, ತಾವೇ ಟಾನಿಕ್ ಕುಡಿಸಿದ್ದರು. ಎದುರಿಗೆ ತೋಳು ಚಾಚಿ ಕೂತಿದ್ದ ಮನುಷ್ಯ, ‘ಏನಮ್ಮಾ, ರಿಪೋರ್ಟಲ್ಲಿ ಏನಾದ್ರೂ ಹೆಚ್ಚು ಕಡಿಮೆನಾ?’ ಅಂತ ಗಾಬರಿಯಾದ. ‘ನಿಮ್ದಲ್ಲ, ನಮ್ದು’ ಅಂದಳು.

ಮನೆಯಲ್ಲಿ ವಿಷಯ ಹೇಳಿದಾಗ ಗಂಡ ಮೊದಲು ನಕ್ಕ. ಡ್ರೈವಿಂಗ್ ಸ್ಕೂಲ್ ನಡೆಸುವವನು, ಯಾರ ಹೆದರಿಕೆಗೂ ನಕ್ಕೇ ಅಭ್ಯಾಸ. ‘ನಿಮ್ಮ ಸಂಘದಲ್ಲಿ ಭೂಗೋಳದ ಮೇಷ್ಟ್ರೇ ಇದ್ದಾರಲ್ಲ, ಅವರಿಗೂ ಹೊಳೀಲಿಲ್ವಾ?’ ಅಂದ. ಅತ್ತೆ ಮಾತ್ರ ನಗಲಿಲ್ಲ.

‘ಮಲಗಿರೋ ಮಗೂನ ಎಬ್ಬಿಸಿ ಮುದ್ದು ಮಾಡೋರು ತಂದೆ ತಾಯಿ ಅಲ್ಲಮ್ಮ, ನೆಂಟರು’ ಅಂದರು.

ಆ ಮಾತನ್ನು ಕಟ್ಟಿಕೊಂಡೇ ಅವಳು ಮುಂದಿನ ಸಭೆಗೆ ಹೋದಳು. ಆದರೆ ಸಭೆ ಬ್ಯಾನರಿನ ಮೇಲೆ ಕೂತುಬಿಟ್ಟಿತ್ತು. ಅತಿಥಿಯ ಫೋಟೋ ಎಡಕ್ಕೋ ಬಲಕ್ಕೋ, ಮಕ್ಕಳ ಫೋಟೋ ಅದಕ್ಕಿಂತ ದೊಡ್ಡದಾದರೆ ಅವರಿಗೆ ಬೇಸರವಾದೀತೋ ಇಲ್ಲವೋ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಮೂರು ಸಲ ಬಾಯಿ ತೆರೆದಳು, ಮೂರು ಸಲವೂ ‘ಆಮೇಲೆ ಅಕ್ಕಾ’ ಆಯಿತು. ಕೊನೆಗೆ ಡಬ್ಬದ ಮೇಲಿಂದ ಎದ್ದು ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಅವಳು ಮೇಷ್ಟ್ರ ಕಡೆ ತಿರುಗಿದಳು. ‘ಸರ್, ನಿಮಗೆ ಇದು ಗೊತ್ತಿತ್ತಾ?’

‘ಗೊತ್ತಿತ್ತಮ್ಮ. ಭೂಮಿ ತಿರುಗೋದು ನನಗೆ ಗೊತ್ತಿರಲ್ವಾ?’ ಅಂದರು ಮೇಷ್ಟ್ರು. ‘ಆದ್ರೆ ಅವರಾಗಿ ಅವರು ಏನೂ ಹೇಳ್ಲಿಲ್ಲ. ತೊಂದ್ರೆ ಇದ್ದಿದ್ರೆ ಹೇಳ್ತಿದ್ರಲ್ವಾ ಅಂದ್ಕೊಂಡೆ.’

ಸೂಜಿಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಕೈ ಚಾಚಿ ನಿಂತವರು, ಕೊಡುವವರ ಎದುರು ತೊಂದರೆ ಅಂತ ಬಾಯಿ ಬಿಡುತ್ತಾರೆಯೇ?

‘ಅತಿಥಿಗಳು ಸಂಜೆ ಬಿಟ್ರೆ ಸಿಗಲ್ಲ’ ಅಂದರು ಯಜಮಾನರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. ಸಿಟ್ಟಿದ್ದರೆ ಅವಳು ಜಗಳವಾಡಿ ಗೆಲ್ಲುತ್ತಿದ್ದಳು. ‘ನೋಡಮ್ಮ, ಮಕ್ಕಳ ಮುಖ ಕಂಡ್ರೇ ಜನ ಕೈ ಬಿಚ್ಚೋದು. ಒಂದು ರಾತ್ರಿ ನಿದ್ದೆ ಕೆಟ್ರೆ ಏನಾಗತ್ತೆ? ನಾನು ಅಲ್ಲಿ ಎಷ್ಟು ರಾತ್ರಿ ನಿದ್ದೆ ಇಲ್ದೆ ಬಣ್ಣ ಹೊಡೆದಿಲ್ಲ.’

‘ನೀವು ಮರುದಿನ ಪರೀಕ್ಷೆ ಬರೀಲಿಲ್ಲ, ಯಜಮಾನ್ರೇ. ಆ ಹುಡುಗಿಗೆ ಅದು ತಪ್ಪಿದ್ರೆ ಇರೋಕೊಂದು ಸೂರಿಲ್ಲ.’

‘ಅವಳೊಬ್ಬಳನ್ನ ಬಿಡಬಹುದಿತ್ತು. ಆದ್ರೆ ದನಿ ಎತ್ತೋಳೇ ಅವಳಲ್ವಾ?’

ಮೇಷ್ಟ್ರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, ಅದೂ ಸರಿ ಇದೂ ಸರಿ ಅನ್ನುತ್ತ ಕೂತರು. ಕೊನೆಗೆ ಸೂಜಿಯಕ್ಕನೇ ದಾರಿ ಹುಡುಕಿದಳು. ಹಾಡನ್ನು ಮೊದಲೇ ಹಗಲಿನಲ್ಲಿ ರೆಕಾರ್ಡ್ ಮಾಡಿಸಿ ತರಿಸೋಣ, ಆ ದಿನ ಪರದೆಯ ಮೇಲೆ ಅದನ್ನೇ ಹಾಕೋಣ. ‘ರೆಕಾರ್ಡಿಂಗಲ್ಲಿ ಜೀವ ಇರಲ್ಲ’ ಅಂತ ಯಜಮಾನರು ಗೊಣಗಿದರು. ಆದರೂ ಇವಳ ಕಾಟಕ್ಕೆ ಒಪ್ಪಿದರು. ಅಷ್ಟಕ್ಕೇ ಅವಳಿಗೆ ಕೋಟೆ ಗೆದ್ದಷ್ಟಾಯಿತು. ಹುಡುಗಿಗೆ ಬರೆದಳು, ಆ ರಾತ್ರಿ ಯಾರೂ ಎಬ್ಬಿಸುವುದಿಲ್ಲ, ನಾನಿದ್ದೇನೆ, ಚೆನ್ನಾಗಿ ನಿದ್ದೆ ಮಾಡಿ ಹೋಗಿ ಬರೆ.

ರೆಕಾರ್ಡಿಂಗು ಬಂತು. ನೀಲಿ ಪರದೆ ಇರಲಿಲ್ಲ, ಕಿಟಕಿಯಿಂದ ಬಿಸಿಲು ಬಂದಿತ್ತು. ಮಕ್ಕಳು ಆಕಳಿಸದೆ ಹಾಡಿದ್ದನ್ನು ಅವಳು ಮೊದಲ ಸಲ ನೋಡಿದಳು. ಹಾಡು ಇಷ್ಟು ಜೋರಾಗಿದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ತುದಿಯ ಪುಟ್ಟ ಹುಡುಗಿ ಪಕ್ಕದವನನ್ನು ಜಿಗುಟುತ್ತಿತ್ತು. ‘ಟಾನಿಕ್ ಹಿಡಿದಿದೆ’ ಅಂದ ಗಂಡ.

ಬೆಳ್ಳಿಹಬ್ಬದ ದಿನ ಸಭಾಂಗಣ ತುಂಬಿತ್ತು. ಅತಿಥಿಗಳು ತಡವಾಗಿ ಬಂದರು, ಮಾಲೆ ಹಾಕಿಸಿಕೊಂಡರು, ಕೂತರು. ಹಾಡು ಶುರುವಾಯಿತು. ಎಲ್ಲರೂ ತಲೆದೂಗಿದರು. ಹಾಡು ಮುಗಿದದ್ದೇ ಲಾರಿ ಮಾಲೀಕರು ಎದ್ದು, ಮೈಕು ಹಿಡಿದು, ಪರದೆಯ ಹತ್ತಿರ ಹೋಗಿ ಕೈ ಬೀಸಿದರು. ‘ಮಕ್ಕಳೇ, ಚೆನ್ನಾಗಿ ಹಾಡಿದ್ರಿ. ನಾನು ಮಾತಾಡೋದು ಕೇಳಿಸ್ತಾ?’

ಮಕ್ಕಳು ಪರದೆಯ ಮೇಲೆ ನಿಂತಲ್ಲೇ ನಿಂತಿದ್ದವು. ರೆಕಾರ್ಡಿಂಗು ಅಲ್ಲಿಗೆ ಮುಗಿದಿತ್ತು.

‘ಕೇಳಿಸ್ತಾ?’ ಅಂತ ಅವರು ಇನ್ನಷ್ಟು ಜೋರಾಗಿ ಕೂಗಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಯಜಮಾನರ ಮುಖ ಸುಣ್ಣ ಬಳಿದಂತಾಯಿತು. ಓಡಿ ಹೋಗಿ, ‘ಸಾರ್, ಲೈನ್ ಸ್ವಲ್ಪ ಕಟ್ಟಾಗಿದೆ, ಈಗ ಜೋಡಿಸ್ತೀವಿ’ ಅಂದುಬಿಟ್ಟರು. ಮೂಲೆಗೆ ಹೋಗಿ ತಮ್ಮ ಫೋನಿನಿಂದಲೇ ವಾರ್ಡನಮ್ಮನಿಗೆ ಕರೆ ಮಾಡಿದರು.

ಸೂಜಿಯಕ್ಕ ಅವರ ತೋಳು ಹಿಡಿದುಕೊಂಡಳು. ‘ಬೇಡ, ಯಜಮಾನ್ರೇ. ನಾನು ಮಾತು ಕೊಟ್ಟಿದೀನಿ.’

‘ನನ್ನ ಮಾನ ಹೋಗ್ತಿದೆ, ಬಿಡಮ್ಮ’ ಅಂದರು. ಹಣೆಯಲ್ಲಿ ಬೆವರು ಕಿತ್ತುಕೊಂಡಿತ್ತು. ‘ಎರಡೇ ನಿಮಿಷ. ಆಮೇಲೆ ಮಲಗ್ತಾರೆ.’

ಮೇಷ್ಟ್ರು ಅಷ್ಟು ಹೊತ್ತು ಜನರ ಮುಂದೆ ಆ ದೇಶದ ಬೆಟ್ಟ, ನದಿ, ಹವಾಮಾನ ಹೇಳುತ್ತ ನಿಂತರು. ಗಂಟೆಯ ವಿಷಯ ಹೇಳಲಿಲ್ಲ.

ಆಮೇಲೆ ಯಜಮಾನರು ತಮ್ಮ ಫೋನು ಜೋಡಿಸಿದ್ದೇ ಪರದೆಯ ಮೇಲೆ ನೀಲಿ ಬಟ್ಟೆ ಕಾಣಿಸಿತು. ಅದರ ಮುಂದೆ ಮಕ್ಕಳು. ತಲೆ ಬಾಚಿರಲಿಲ್ಲ, ಕೆಲವರ ಅಂಗಿ ತಿರುಗುಮುರುಗು. ದೊಡ್ಡ ಹುಡುಗಿ ಸಾಲಿನ ನಡುವೆ ಬಂದು ನಿಂತಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಹೋಗಿರಲಿಲ್ಲ. ಅವಳು ದನಿ ಎತ್ತಿದಳು. ಉಳಿದವು ಅಲ್ಲೊಂದು ಇಲ್ಲೊಂದು ಸೇರಿಕೊಂಡವು. ‘ನೋಡಿ, ನಮ್ಮನ್ನ ನೋಡಿ ಮಗೂಗೆ ಕಣ್ಣು ತುಂಬಿ ಬಂದಿದೆ’ ಅಂದರು ಯಾರೋ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಲಾರಿ ಮಾಲೀಕರು ಮೈಕು ಹಿಡಿದು, ತಾವು ಚಿಕ್ಕವರಿದ್ದಾಗ ಪಟ್ಟ ಕಷ್ಟದಿಂದ ಶುರು ಮಾಡಿದರು. ಮೊದಲ ಲಾರಿ ಕೊಳ್ಳುವುದಕ್ಕೇ ಬಹಳ ಹೊತ್ತು ಹಿಡಿಯಿತು. ಪುಟ್ಟ ಹುಡುಗಿ ದೊಡ್ಡವಳ ಲಂಗಕ್ಕೆ ತಲೆ ಒರಗಿಸಿತು.

ಸೂಜಿಯಕ್ಕನಿಗೆ ಅಲ್ಲಿ ಕೂತ ಎಲ್ಲರ ಮೇಲೂ ಸಿಟ್ಟು ಬಂತು. ಮೇಷ್ಟ್ರ ಮೇಲೆ, ಯಜಮಾನರ ಮೇಲೆ, ಚಪ್ಪಾಳೆಯ ಮೇಲೆ. ನಾನಿದ್ದೇನೆ ಅಂತ ಅಷ್ಟು ಸಲೀಸಾಗಿ ಬರೆದ ತನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ವೇದಿಕೆಯ ಪಕ್ಕಕ್ಕೆ ಹೋಗಿ, ಬಗ್ಗಿ, ಫೋನಿನ ವೈರು ಹಿಡಿದು ಎಳೆದು, ಕರೆಯನ್ನೂ ಕಟ್ ಮಾಡಿದಳು. ಪರದೆ ಬಿಳಿಯಾಯಿತು. ‘ಅಲ್ಲಿ ಈಗ ನಡುರಾತ್ರಿ ಮೀರಿದೆ. ಆ ಹುಡುಗಿಗೆ ಬೆಳಗಾದ್ರೆ ಪರೀಕ್ಷೆ ಇದೆ’ ಅಂತ ಕೂಗಿ ಹೇಳಿದಳು. ಅವಳ ಕೈಯಲ್ಲಿ ಮೈಕಿರಲಿಲ್ಲ. ಮುಂದಿನ ಸಾಲಿನ ಕೆಲವರಿಗೆ ಕೇಳಿಸಿತು, ಅವರು ಮುಖ ಮುಖ ನೋಡಿಕೊಂಡರು. ಮೈಕಿನಲ್ಲಿ ಯಜಮಾನರು, ‘ಸಣ್ಣ ತಾಂತ್ರಿಕ ತೊಂದ್ರೆ, ದಯವಿಟ್ಟು ಯಾರೂ ಏಳಬೇಡಿ’ ಅನ್ನುತ್ತಿದ್ದರು.

ಸ್ವಲ್ಪ ಹೊತ್ತಿನಲ್ಲಿ ಅವಳ ಫೋನ್ ಅದುರಿತು. ವಾರ್ಡನಮ್ಮನ ನಂಬರು. ಕಿವಿಗೆ ಹಿಡಿದರೆ ಆ ಹುಡುಗಿಯ ದನಿ, ಅದೇ ಕಲಿತಷ್ಟು ಇಂಗ್ಲಿಷಿನಲ್ಲಿ.

‘ಆಂಟಿ, ನಮ್ಮಿಂದ ಏನಾದ್ರೂ ತಪ್ಪಾಯ್ತಾ? ನೀವು ಲೈನ್ ಕಟ್ ಮಾಡಿದ್ರಿ.’

‘ಇಲ್ಲಮ್ಮ. ಏನೂ ತಪ್ಪಿಲ್ಲ. ಮುಗೀತು. ಹೋಗಿ ಮಲಕ್ಕೋ.’

ಹುಡುಗಿಗೆ ನಂಬಿಕೆ ಬರಲಿಲ್ಲ. ಹಿಂದಿನಿಂದ ವಾರ್ಡನಮ್ಮ ಏನೋ ಹೇಳಿಕೊಡುತ್ತಿದ್ದುದು ಸಣ್ಣಗೆ ಕೇಳುತ್ತಿತ್ತು.

‘ಚಿಕ್ಕವರು ಸರಿಯಾಗಿ ಹಾಡ್ಲಿಲ್ಲ, ಕ್ಷಮಿಸಿ’ ಅಂದಳು. ‘ಅವರನ್ನ ಮಲಗಿಸಿಬಿಟ್ಟೆ. ನಾನು ಮುಖ ತೊಳ್ಕೊಂಡು ಬಂದು ನಿಂತಿದೀನಿ, ಆಂಟಿ. ನಾನೊಬ್ಬಳೇ ಹಾಡಿದ್ರೆ ಸಾಕಾ?’